ಕಪ್ಪು ಪರದೆಗೆ ತುಳು ಕಲಿಸಿದ್ದು

ಮಕ್ಕಳೇ, ಕಳೆದ ವಾರ ಅನ್ವಿತಾ ಹೊಸ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಒಂದು ಕಪ್ಪು ಕಿಟಕಿ ತೆರೆದು ಏನೇನೋ ಟೈಪ್ ಮಾಡುತ್ತಿದ್ದಳು. "ಎಂತ ಅದು?" ಎಂದು ಕೇಳಿದೆ. "ನಿಮಗೆ ಗೊತ್ತಾಗ್ಲಿಕ್ಕಿಲ್ಲ ಅಜ್ಜಿ, ನನ್ನ ಹಳೆಯ ಸೆಟ್ಟಿಂಗ್ ಎಲ್ಲ ಇದಕ್ಕೆ ಹಾಕ್ತಾ ಇದ್ದೇನೆ, ಇಲ್ಲದಿದ್ರೆ ಕೆಲಸ ಮಾಡ್ಲಿಕ್ಕೇ ಮನಸ್ಸು ಬರುವುದಿಲ್ಲ" ಎಂದಳು. ನಾನು ಸುಮ್ಮನಾದೆ. ಸುಮ್ಮನಾಗುವುದು ನನ್ನ ಹುಟ್ಟುಗುಣ. ಆದರೆ ಅಡುಗೆಮನೆಗೆ ಹೋದವಳಿಗೆ ಒಳಗೊಳಗೇ ನಗು ಬಂತು. ನಾನೂ ಇದನ್ನೇ ಮಾಡಿದವಳು! ಬಂದರಿನ ಆಫೀಸಿನಲ್ಲಿ, ನಿಮ್ಮ ಅಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ.

ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದು ಕೊಡುತ್ತೇನೆ. ನೀವಿಬ್ಬರೂ ಈಗ ಕೆಲಸಕ್ಕೆ ಸೇರುತ್ತಿದ್ದೀರಿ. ನನಗೆ ಸಂಬಳ ಯಾವಾಗ ಏರಿತು, ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ನಿಮಗೆ ಬೇಡ. ಒಂದು ಹೊಸ ಯಂತ್ರ ಬಂದಾಗ ನಾವು ಏನು ಮಾಡಿದೆವು ಎಂಬುದನ್ನು ಮಾತ್ರ ಹೇಳುತ್ತೇನೆ.

ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. ಉಳುವವರಿಗೆ ಭೂಮಿ ಹೋದ ಮೇಲೆ ಜಮೀನ್ದಾರಿಕೆಯ ನಮ್ಮ ಗುತ್ತಿನ ಮನೆಯಲ್ಲಿ ಉಳಿದದ್ದು ದೊಡ್ಡ ಚಾವಡಿ ಮಾತ್ರ. ನಿಮ್ಮ ಅಜ್ಜ ತೀರಿಕೊಂಡಾಗ ನಾನು ನಿಮ್ಮ ಅಮ್ಮನನ್ನು ಎತ್ತಿಕೊಂಡು ಪೇಟೆಗೆ, ದೇರೆಬೈಲಿನ ಒಂದು ಬಾಡಿಗೆ ಮನೆಗೆ ಬಂದೆ. ಹಂಪನಕಟ್ಟೆಯಲ್ಲಿ ಒಂದು ಲಾಡ್ಜಿನ ಮಾಳಿಗೆಯ ಮೇಲೆ ಟೈಪಿಂಗ್ ಕಲಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಕೆಲಸ ಬೇಕಿದ್ದ ಹೆಂಗಸರೆಲ್ಲ ಅಲ್ಲಿಗೇ ಹೋಗುತ್ತಿದ್ದದ್ದು. ಕೆಳಗೆ ಬಸ್ಸಿನ ಕಂಡಕ್ಟರುಗಳ ಬೊಬ್ಬೆ, ಮೇಲೆ ಹತ್ತಾರು ಮೆಷಿನುಗಳ ಟಕಟಕ. ನನಗೆ ಯಾರ ಮುಖವನ್ನೂ ನೋಡಿ ಮಾತನಾಡಲು ಆಗುತ್ತಿರಲಿಲ್ಲ. ಆದರೆ ಬೆರಳುಗಳಿಗೆ ನಾಚಿಕೆ ಇರಲಿಲ್ಲ. ಇಂಗ್ಲಿಷ್ ಅರ್ಥವಾಗುವ ಮೊದಲೇ ನನ್ನ ಬೆರಳಿಗೆ ಇಂಗ್ಲಿಷ್ ಬಂತು.

ಹಾಗೆ ಸಿಕ್ಕಿದ್ದು ಬಂದರಿನಲ್ಲಿ ಮೊಯಿದಿನಬ್ಬ ಹಾಜಿಯವರ ಆಫೀಸಿನ ಕೆಲಸ. ಅವರದ್ದು ದ್ವೀಪಗಳಿಗೆ ಸರಕು ಕಳಿಸುವ ವ್ಯಾಪಾರ. ಅಕ್ಕಿ, ಹೆಂಚು, ತರಕಾರಿ, ಸಿಮೆಂಟು ಎಲ್ಲವೂ ಮರದ ದೊಡ್ಡ ದೋಣಿಗಳಲ್ಲಿ ಹೋಗುತ್ತಿತ್ತು. ಅವಕ್ಕೆ ಮಂಜಿ ಎನ್ನುತ್ತಾರೆ. ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ, ಮಂಜಿಗಳು ನದಿಯ ಬದಿಯಲ್ಲಿ ತೆಂಗಿನ ಗರಿಯ ಮಡಲು ಹೊದ್ದು ಮಲಗುತ್ತವೆ. ಮಳೆ ಬಿಟ್ಟು ಮೊದಲ ಮಂಜಿ ಹೊರಡುವ ದಿನ ನಮ್ಮ ಆಫೀಸಿಗೆ ಹೊಸ ವರ್ಷ ಇದ್ದ ಹಾಗೆ.

ಆಫೀಸಿನಲ್ಲಿ ನಾವು ಇಬ್ಬರು ಟೈಪಿಸ್ಟುಗಳು. ಇನ್ನೊಬ್ಬರು ಕುಲಶೇಖರದ ಲಿಲ್ಲಿ ಬಾಯಿ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಕಾನ್ವೆಂಟಿನಲ್ಲಿ ಓದಿದವರಾದ್ದರಿಂದ ಅವರ ಇಂಗ್ಲಿಷ್ ಕೇಳಲು ಚಂದ. ಸ್ಟೆನ್ಸಿಲ್ ಹಾಳೆ ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸ್ಟೆನ್ಸಿಲ್ ಎಂದರೆ ಮೇಣದ ಹಾಳೆ. ಅದರಲ್ಲಿ ತಪ್ಪಾದರೆ ಉಗುರುಬಣ್ಣದ ಹಾಗಿನ ಒಂದು ಕೆಂಪು ದ್ರವ ಹಚ್ಚಿ ಒಣಗಿಸಿ ಮತ್ತೆ ಹೊಡೆಯಬೇಕು. ಲಿಲ್ಲಿ ಬಾಯಿಯ ಕೆಂಪು ಸೀಸೆ ಮುಚ್ಚಳ ತೆಗೆಯದೆ ಒಣಗಿಹೋಗಿತ್ತು.

ಮೇಲಿನವರು ಮೆನೇಜರ್ ರೈಗಳು. ಒಳ್ಳೆಯ ಮನುಷ್ಯ, ಸ್ವರ ಮಾತ್ರ ಜೋರು. ಸಮುದ್ರದಲ್ಲಿರುವ ಮಂಜಿಗೆ ಕೇಳಬೇಕು ಎಂಬಂತೆ ಮಾತನಾಡುವರು. ಅವರು ಕರೆದರೆ ನಾನು ನೆಲ ನೋಡಿಕೊಂಡೇ ಹೋಗಿ ನೆಲ ನೋಡಿಕೊಂಡೇ ಬರುತ್ತಿದ್ದೆ. ವರ್ಷಗಟ್ಟಲೆ ಅವರ ಚಪ್ಪಲಿಯ ಪರಿಚಯ ನನಗೆ ಮುಖಕ್ಕಿಂತ ಹೆಚ್ಚಿತ್ತು.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಹಾಜಿಯವರ ಅಳಿಯ ದುಬೈಯಿಂದ ಬಂದು "ಮಾವ, ಅಲ್ಲಿ ಎಲ್ಲ ಕಂಪ್ಯೂಟರಿನಲ್ಲೇ" ಎಂದು ಹೇಳಿದ ಮೇಲೆ ಒಂದು ಕಂಪ್ಯೂಟರ್ ಬಂತು. ಬಂತು ಎಂದರೆ ಮೆರವಣಿಗೆ! ಆಟೋರಿಕ್ಷಾದಲ್ಲಿ ತಂದರೆ ಕುಲುಕುತ್ತದೆ ಎಂದು ಗೋದಾಮಿನ ಮೇಸ್ತ್ರಿ ಕೂಸಪ್ಪಣ್ಣ ತಲೆಹೊರೆಯಲ್ಲಿ ಹೊರಿಸಿದರು. ರೈಗಳ ಕೋಣೆಗೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ, ಆಫೀಸಿನ ಮೊದಲ ಏಸಿ ಅದಕ್ಕೆ ಕೂರಿಸಿದರು. ಹಾಜಿಯವರಿಗೇ ಏಸಿ ಇರಲಿಲ್ಲ. ಅವರು ಬೀಸಣಿಗೆ ಹಿಡಿದು ಕೂತಿರುವರು, ಯಂತ್ರಕ್ಕೆ ತಂಗಾಳಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ರೈಗಳ ಚಪ್ಪಲಿಯೂ ಹೊರಗೆ.

ಆ ದಿನವೇ ಹಾಜಿಯವರು ನಮ್ಮಿಬ್ಬರನ್ನೂ ಕರೆಸಿದರು. ಅವರು ಯಾವಾಗಲೂ ಮೆಲ್ಲಗೆ, ನೇರವಾಗಿ ಮಾತನಾಡುವವರು.

"ನೋಡಿ, ಬೆಂಗಳೂರಿನ ಕಂಪೆನಿಯವರು ಕಲಿತ ಒಬ್ಬ ಹುಡುಗನನ್ನು ಕೊಡ್ತೇವೆ ಅಂತ ಹೇಳಿದ್ದಾರೆ. ನಾನು ಈಗ ಬೇಡ ಅಂದೆ. ಮಳೆ ಮುಗಿದು ಮೊದಲ ಮಂಜಿ ಹೋಗುವ ದಿನ ನಾನೇ ಬಂದು ಹಿಂದೆ ನಿಂತು ನೋಡ್ತೇನೆ. ಇಬ್ಬರಿಗೂ ನಡೆಸ್ಲಿಕ್ಕೆ ಬಂದರೆ ಇಬ್ಬರೂ ಇರಿ. ಒಬ್ಬರಿಗೇ ಬಂದರೆ ಒಬ್ಬರು ಸಾಕು. ಇಬ್ಬರಿಗೂ ಬಾರದಿದ್ದರೆ ಆ ಹುಡುಗ ಬರ್ತಾನೆ. ಇದರಲ್ಲಿ ಬೇಜಾರು ಮಾಡ್ಬಾರ್ದು, ಆಯ್ತಾ?"

ಹೊರಗೆ ಬಂದು ಲಿಲ್ಲಿ ಬಾಯಿ ನನ್ನ ಕೈ ಹಿಡಿದುಕೊಂಡರು. "ಸುಮತಿ, ನಿನಗೆ ಪ್ರಾಯ ಉಂಟು, ನೀನು ಕಲೀತಿ. ನನ್ನನ್ನು ಇನ್ನು ಯಾರು ಕೆಲಸಕ್ಕೆ ತೆಗೊಳ್ತಾರೆ ಮಾರಾಯ್ತಿ?"

ಯಂತ್ರ ಮಾರಿದ ಅಂಗಡಿಯ ಪೈಗಳು ಕಲಿಸಲು ಬಂದರು. ಚುರುಕಿನ ಯುವಕ, ಸ್ಕೂಟರಿನಲ್ಲಿ ಬಂದು ಸ್ಕೂಟರಿನ ವೇಗದಲ್ಲೇ ಪಾಠ ಮಾಡಿ ಹೋಗುವರು. ನಿಮಗೆ ಈಗ ಚಿತ್ರ ಒತ್ತಿದರೆ ಎಲ್ಲ ತೆರೆಯುತ್ತದಲ್ಲ, ಆಗ ಚಿತ್ರವೂ ಇಲ್ಲ, ಒತ್ತುವುದೂ ಇಲ್ಲ. ಯಂತ್ರದ ಹೊಟ್ಟೆಯಲ್ಲಿ ಏನನ್ನೂ ಇಡಲು ಜಾಗ ಇರಲಿಲ್ಲ. ಎದುರಿಗೆ ಎರಡು ಬಾಯಿ. ಎಡಬಾಯಿಗೆ ದೋಸೆಯಷ್ಟು ತೆಳ್ಳಗಿನ ಚೌಕದ ಫ್ಲಾಪಿ ಹಾಕಬೇಕು, ಅದರಲ್ಲಿ ಡಾಸ್ ಎಂಬ ಮೂಲವಿದ್ಯೆ. ಬಲಬಾಯಿಗೆ ನಮ್ಮ ಕಾಗದಪತ್ರಗಳ ಫ್ಲಾಪಿ. ಸ್ವಿಚ್ಚು ಹಾಕಿದರೆ ಗೊರಗೊರ ಎಂದು ಸದ್ದು ಮಾಡಿ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಎ ಅಕ್ಷರ, ಒಂದು ಬಾಣ, ಅದರ ಪಕ್ಕದಲ್ಲಿ ಮಿಣಮಿಣ ಎನ್ನುವ ಒಂದು ಗೆರೆ. ಅಷ್ಟೇ. ಉಳಿದದ್ದೆಲ್ಲ ಕಪ್ಪು.

ನನಗೆ ಆ ಕಪ್ಪು ಎಷ್ಟು ಇಷ್ಟವಾಯಿತು ಎಂದರೆ ಹೇಳಲಾರೆ! ಅದು ನನ್ನ ಮುಖ ನೋಡುತ್ತಿರಲಿಲ್ಲ. ಜೋರಾಗಿ ಕೂಗುತ್ತಿರಲಿಲ್ಲ. ನಾನು ಎಷ್ಟು ಹೊತ್ತು ಸುಮ್ಮನಿದ್ದರೂ ಮಿಣಮಿಣ ಎಂದು ಕಾಯುತ್ತಿತ್ತು. ನಾನು ಮೂರಕ್ಷರ ಹೊಡೆದು ಕೀಲಿ ಒತ್ತಿದರೆ ಫ್ಲಾಪಿಯಲ್ಲಿ ಇರುವುದನ್ನೆಲ್ಲ ಸಾಲಾಗಿ ಹೇಳಿಬಿಡುತ್ತಿತ್ತು. ನನ್ನ ಮಾತನ್ನು ಅಷ್ಟು ತಕ್ಷಣ ಕೇಳಿದವರು ಆವರೆಗೆ ಯಾರೂ ಇರಲಿಲ್ಲ.

ಲಿಲ್ಲಿ ಬಾಯಿಗೆ ಮಾತ್ರ ಅದು ಭೂತ. ಒಂದಕ್ಷರ ಆಚೀಚೆ ಆದರೂ ಯಂತ್ರ "ಬ್ಯಾಡ್ ಕಮಾಂಡ್" ಎಂದು ಬರೆಯುತ್ತಿತ್ತು. ಬ್ಯಾಡ್ ಎಂಬುದನ್ನು ಓದಿದ ಕೂಡಲೇ ಅವರು ಎರಡೂ ಕೈ ಮಡಿಲಿಗೆ ತೆಗೆದುಕೊಂಡುಬಿಡುವರು. ಕಾನ್ವೆಂಟಿನ ಸಿಸ್ಟರ್ ಬೆತ್ತ ಎತ್ತಿದ ಹಾಗೆ. "ಇಷ್ಟು ವರ್ಷ ನನ್ನ ಇಂಗ್ಲಿಷಿಗೆ ಯಾರೂ ಬ್ಯಾಡ್ ಹೇಳ್ಲಿಲ್ಲ" ಎನ್ನುವರು.

ರೈಗಳ ಕಥೆ ಬೇರೆ. ಯಂತ್ರ ಪ್ರತಿ ಬೆಳಿಗ್ಗೆ ಇಸವಿ ಎಂಬತ್ತರ ಜನವರಿ ಒಂದು ಎಂದೇ ಏಳುತ್ತಿತ್ತು. ಅದಕ್ಕೆ ಇವತ್ತಿನ ತಾರೀಕು ಹೇಳಿಕೊಡಬೇಕು, ಅದೂ ಅಮೆರಿಕದವರ ಹಾಗೆ ತಿಂಗಳು ಮೊದಲು, ದಿನ ಆಮೇಲೆ. ರೈಗಳು ದಿನ ಮೊದಲು ಹಾಕುವರು. ಅದು ಒಪ್ಪುವುದಿಲ್ಲ. "ಇವತ್ತು ಇಪ್ಪತ್ತು ಅಲ್ವಾ? ಕ್ಯಾಲೆಂಡರಿನಲ್ಲಿ ಉಂಟಲ್ಲ! ಇದು ಯಾರು ಮಾರಾಯ್ರೆ ಇಲ್ಲ ಅಂತ ಹೇಳ್ಲಿಕ್ಕೆ?" ಎಂದು ಗೋಡೆಯ ಕ್ಯಾಲೆಂಡರನ್ನು ಕಿತ್ತು ತಂದು ಪರದೆಗೆ ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ದಿನ ಎಲ್ಲವನ್ನೂ ಅಳಿಸುವ ಆಜ್ಞೆ ಹೊಡೆದುಬಿಟ್ಟರು. ಅದು "ಖಂಡಿತವಾಗಿಯೂ?" ಎಂದು ಕೇಳಿತು. ರೈಗಳು ಯಾವ ಪ್ರಶ್ನೆಗೂ ಸಂಶಯದ ಉತ್ತರ ಕೊಟ್ಟವರಲ್ಲ. ಹೌದು ಎಂದರು. ತಿಂಗಳ ಕಾಗದಗಳೆಲ್ಲ ಮಾಯ.

ಆ ದಿನ ನನ್ನ ಮನಸ್ಸಿನಲ್ಲಿ ಒಂದು ಮಾತು ಕೂತಿತು. ಈ ಯಂತ್ರ ಇರುವ ಹಾಗೇ ಇದ್ದರೆ ನಮಗೆ ಆಗದು. ಹೊಸ ಬಾಡಿಗೆ ಮನೆಗೆ ಹೋದಾಗ ಒಲೆ ಎಲ್ಲಿ, ಬಿಂದಿಗೆ ಎಲ್ಲಿ, ಬಟ್ಟೆಯ ಹಗ್ಗ ಎಲ್ಲಿ ಎಂದು ನಮ್ಮ ಕೈಗೆ ಸಿಗುವಂತೆ ಮಾಡಿಕೊಳ್ಳುತ್ತೇವಲ್ಲ, ಇದನ್ನೂ ಹಾಗೆ ಮಾಡಿಕೊಳ್ಳಬೇಕು. ಮುಂದಿನ ಸಲ ಪೈಗಳು ಬಂದಾಗ ನೆಲ ನೋಡಿಕೊಂಡೇ ಕೇಳಿದೆ, "ಇದಕ್ಕೆ ನಮ್ಮದೇ ಶಬ್ದ ಕಲಿಸ್ಲಿಕ್ಕೆ ಆಗ್ತದಾ?"

ಪೈಗಳು ಸ್ಕೂಟರಿನ ಕೀಲಿ ತಿರುಗಿಸುತ್ತಾ, "ಆಗ್ತದಲ್ಲ ಅಕ್ಕ. ಬ್ಯಾಚ್ ಫೈಲ್ ಅಂತ ಉಂಟು. ಶಬ್ದವನ್ನು ಹೆಸರು ಮಾಡಿ, ಒಳಗೆ ಅದು ಮಾಡಬೇಕಾದ್ದನ್ನು ಬರೆದರೆ ಆಯ್ತು. ಎಂಟಕ್ಷರ ಮೀರಬಾರದು" ಎಂದು ಕೂತು ತೋರಿಸಿದರು. ಕಾಪಿ ಕಾನ್ ಎಂದು ಬರೆದು ಹೆಸರು ಕೊಡಬೇಕು. ಆಮೇಲೆ ಸಾಲು ಸಾಲಾಗಿ ಹೊಡೆಯಬೇಕು. ಒಂದು ಸಾಲು ಮುಗಿದು ಕೆಳಗೆ ಇಳಿದರೆ ಹಿಂದೆ ಹೋಗಿ ತಿದ್ದಲು ಆಗುವುದಿಲ್ಲ, ಪುನಃ ಮೊದಲಿನಿಂದ. "ಅದೇ ಕಷ್ಟ, ಎಲ್ಲರೂ ಬೈತಾರೆ" ಎಂದರು ಪೈಗಳು. ನನಗೆ ನಗು ಬಂತು. ಸ್ಟೆನ್ಸಿಲ್ ಹೊಡೆದವರಿಗೆ ಇದು ಯಾವ ಲೆಕ್ಕ!

ಯಾವ ಭಾಷೆಯ ಶಬ್ದ? ಹಾಜಿಯವರ ಮನೆಮಾತು ಬ್ಯಾರಿ, ಲಿಲ್ಲಿ ಬಾಯಿಯದ್ದು ಕೊಂಕಣಿ, ನನ್ನದು, ರೈಗಳದ್ದು, ಕೂಸಪ್ಪಣ್ಣನದ್ದು ತುಳು. ಆದರೆ ಬಂದರಿಗೆ ಇಳಿದರೆ ಎಲ್ಲರೂ ತುಳುವಿನಲ್ಲೇ ಕೂಗುವುದು, ತುಳುವಿನಲ್ಲೇ ಚೌಕಾಸಿ, ತುಳುವಿನಲ್ಲೇ ಬೈಗಳು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದೆ.

ಫ್ಲಾಪಿಯಲ್ಲಿ ಏನಿದೆ ಎಂದು ನೋಡಲು ದಾದುಂಡು, ಅಂದರೆ ಏನುಂಟು. ಒಂದು ಕಾಗದವನ್ನು ಪರದೆಯಲ್ಲಿ ನೋಡಲು ತೂಲೆ, ಅಂದರೆ ನೋಡಿ. ಬರೆಯುವ ಪ್ರೋಗ್ರಾಮಿಗೆ ಬರೆಲೆ, ಬರೆಯಿರಿ. ಅಳಿಸಲು ಬೊಡ್ಚಿ, ಬೇಡ. ಬೊಡ್ಚಿ ಎಂದರೆ ತಕ್ಷಣ ಅಳಿಸದಂತೆ ಅದರೊಳಗೆ ಒಂದು ತಡೆ ಇಟ್ಟೆ, "ನಿಜನಾ?" ಎಂದು ಕೇಳಿ, ಬೀಪ್ ಎಂದು ಕೂಗು ಹಾಕಿ, ನಿಲ್ಲಬೇಕು. ರೈಗಳಿಗಾಗಿ ಆ ಕೂಗು. ಬೆಳಿಗ್ಗೆ ಯಂತ್ರ ಏಳುವಾಗ ತಾನೇ ಓದಿಕೊಳ್ಳುವ ಒಂದು ಫೈಲು ಇರುತ್ತದೆ. ಅದರಲ್ಲಿ "ಬಲೆ, ಕುಲ್ಲುಲೆ" ಎಂದು ಬರೆದೆ, ಬನ್ನಿ ಕೂತುಕೊಳ್ಳಿ ಎಂದು. ತಾರೀಕು ಕೇಳುವ ಮೊದಲು "ತಿಂಗಳು ಮೊದಲು ಹಾಕಿ" ಎಂದು ಒಂದು ಸಾಲು. ಕೊನೆಗೆ ಆ ಎ ಅಕ್ಷರವನ್ನೇ ತೆಗೆದು ಅಲ್ಲಿ "ಪನ್ಲೆ" ಎಂದು ಕೂರಿಸಿದೆ. ಪನ್ಲೆ ಎಂದರೆ ಹೇಳಿ.

ತುಳುವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರಲ್ಲ? ಅದಕ್ಕಾಗಿ ಪ್ರತಿ ಶಬ್ದವನ್ನೂ ಎರಡು ಮೂರು ಬಗೆಯಲ್ಲಿ ಮಾಡಿಟ್ಟೆ. ಹೇಗೆ ಹೊಡೆದರೂ ಬ್ಯಾಡ್ ಎನ್ನಬಾರದು.

ಲಿಲ್ಲಿ ಬಾಯಿಯನ್ನು ಕರೆದು ಕೂರಿಸಿ ಸ್ವಿಚ್ಚು ಹಾಕಿದೆ. ಗೊರಗೊರ. "ಬಲೆ, ಕುಲ್ಲುಲೆ" ಎಂದಿತು ಪರದೆ. ಅವರು ನಿಜವಾಗಿಯೂ ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತರು. "ಓ ದೇವಾ, ಇದು ನಮ್ಮ ಮೀನಿನವಳ ಹಾಗೆ ಮಾತಾಡ್ತದೆ!" ಎಂದು ಬಾಯಿಗೆ ಕೈ ಇಟ್ಟು ನಕ್ಕರು. ಆಮೇಲೆ ಒಂದು ಬೆರಳಿನಿಂದ ಮೆಲ್ಲಗೆ ದಾದುಂಡು ಎಂದು ಹೊಡೆದರು. ಸಾಲು ಸಾಲಾಗಿ ಹೆಸರುಗಳು ಬಂದವು. ಮತ್ತೊಮ್ಮೆ ಹೊಡೆದರು. ಮತ್ತೊಮ್ಮೆ. ಯಾವ ಅಗತ್ಯವೂ ಇಲ್ಲದೆ, ಸುಮ್ಮನೆ ಖುಷಿಗೆ!

ಮಳೆಗಾಲವಿಡೀ ನಾವಿಬ್ಬರೂ ಊಟದ ಹೊತ್ತಿಗೆ ಬುತ್ತಿ ಬೇಗ ಮುಗಿಸಿ ಆ ತಂಪು ಕೋಣೆಗೆ ಓಡುತ್ತಿದ್ದೆವು. ಲಿಲ್ಲಿ ಬಾಯಿ ನನ್ನ ಶಬ್ದಗಳಲ್ಲೇ ಓಡಾಡುತ್ತಿದ್ದರು; ಅವುಗಳ ಹೊರಗೆ ಕಾಲಿಡುತ್ತಿರಲಿಲ್ಲ. ಅವರ ಕೆಲಸಕ್ಕೆ ಅದೇ ಸಾಕಾಗುತ್ತಿತ್ತು. ಪೈಗಳು ಹೇಳಿದಂತೆ ಶಬ್ದಗಳಿದ್ದ ಡಾಸ್ ಫ್ಲಾಪಿಯ ಇನ್ನೊಂದು ಪ್ರತಿಯನ್ನೂ ಮಾಡಿಟ್ಟೆವು.

ಮಳೆ ಬಿಟ್ಟಿತು. ಮೊದಲ ಮಂಜಿಯ ದಿನವೂ ಗೊತ್ತಾಯಿತು, ವಿಜಯದಶಮಿಯ ಮರುದಿನ. ಅದಕ್ಕೆ ಮೊದಲು ಆಯುಧಪೂಜೆ.

ಹಾಜಿಯವರ ಆಫೀಸಿನಲ್ಲಿ ಆಯುಧಪೂಜೆ ಪ್ರತಿವರ್ಷ ಕೂಸಪ್ಪಣ್ಣನದ್ದೇ. ಹಾಜಿಯವರು ಅವಲಕ್ಕಿ ಬೆಲ್ಲಕ್ಕೆಂದು ದುಡ್ಡು ಕೊಡುವರು, ಹಬ್ಬದ ದಿನ ಬಾಗಿಲಲ್ಲಿ ಬಂದು ನಿಂತು ಪ್ರಸಾದ ತೆಗೆದುಕೊಂಡು ಹೋಗುವರು. ತಕ್ಕಡಿ, ಕೈಗಾಡಿ, ಟೈಪ್‌ರೈಟರು, ಬೀಗ ಎಲ್ಲಕ್ಕೂ ಗಂಧ, ಕುಂಕುಮ, ಸೇವಂತಿಗೆ. ಈ ಸಲ ಕಂಪ್ಯೂಟರ್. ರೈಗಳು ಬಾಗಿಲಲ್ಲಿ ನಿಂತು, "ಕೂಸಪ್ಪ, ಹೊಸ ಸಾಮಾನು, ಒಂದನ್ನೂ ಬಿಡಬೇಡ. ಮುಖ್ಯವಾದ್ದು ಆ ಎರಡು ತಟ್ಟೆ. ಅದರಲ್ಲೇ ವಿದ್ಯೆ ಇರುವುದು" ಎಂದು ಅಪ್ಪಣೆ ಕೊಟ್ಟಿದ್ದರು. ನಾವು ಹೆಂಗಸರು ಆಗ ಹೂ ಕಟ್ಟುತ್ತಾ ಕೆಳಗೆ ಗೋದಾಮಿನಲ್ಲಿದ್ದೆವು.

ಕೂಸಪ್ಪಣ್ಣ ಭಕ್ತಿಯಿಂದ ಮಾಡಿದರು. ಉಳಿದ ಫ್ಲಾಪಿಗಳಿಗೆ ಅವುಗಳ ಕಾಗದದ ಅಂಗಿಯ ಮೇಲೆಯೇ ಬೊಟ್ಟು ಇಟ್ಟರು. ಮುಖ್ಯವಾದ ಎರಡನ್ನು, ಅಂದರೆ ಡಾಸ್ ಫ್ಲಾಪಿಯನ್ನೂ ಅದರ ಪ್ರತಿಯನ್ನೂ ಮಾತ್ರ, ವಿದ್ಯೆಗೆ ಹೊದಿಕೆ ಹಾಕಿ ಪೂಜೆ ಮಾಡುವುದುಂಟಾ ಎಂದು, ಅಂಗಿಯಿಂದ ಹೊರಗೆ ತೆಗೆದು ಬಾಳೆಲೆಯ ಮೇಲಿಟ್ಟರು. ಆ ಫ್ಲಾಪಿಯ ಕೆಳಭಾಗದಲ್ಲಿ ಉದ್ದುದ್ದ ಒಂದು ಕಂಡಿ ಇರುತ್ತದೆ, ಒಳಗಿನ ಕಂದು ಹಾಳೆ ಅಲ್ಲಿ ಕಾಣುತ್ತದೆ. ಯಂತ್ರ ಓದುವುದು ಅಲ್ಲಿಂದಲೇ. ನೋಡಿದವರಿಗೆ ಅದು ಹಣೆಯ ಹಾಗೆಯೇ ಕಾಣುವುದು. ಕೂಸಪ್ಪಣ್ಣ ಸರಿಯಾಗಿ ಅಲ್ಲಿಗೇ ಗಂಧ ಹಚ್ಚಿ ಮೇಲೆ ಕುಂಕುಮ ಇಟ್ಟರು.

ಮಂಜಿಯ ದಿನ ಬೆಳಿಗ್ಗೆ ರೈಗಳೇ ಉತ್ಸಾಹದಲ್ಲಿ ಫ್ಲಾಪಿ ತುರುಕಿ ಸ್ವಿಚ್ಚು ಹಾಕಿದರು. ಯಂತ್ರ ಗೊರಗೊರ ಎನ್ನುವ ಬದಲು ಕರಕರ ಎಂದು ಹಲ್ಲು ಕಡಿಯಿತು. ಎರಡನೆಯದನ್ನೂ ತುರುಕಿದರು. ಅದೂ ಹಾಗೆಯೇ. ನಾನು ಹೊರಗೆ ತೆಗೆದು ನೋಡಿದರೆ ಒಣಗಿದ ಗಂಧದಲ್ಲಿ ವೃತ್ತಾಕಾರದ ಗೀರುಗಳು.

"ಯಾರು ಮಾಡಿದ್ದು ಇದು?" ಎಂದು ರೈಗಳು ಕೂಗಿದರು.

"ನೀವೇ ಅಲ್ವಾ ಧನಿ ಒಂದನ್ನೂ ಬಿಡಬೇಡ ಅಂದದ್ದು?" ಎಂದರು ಕೂಸಪ್ಪಣ್ಣ, ಮುಖ ಸಣ್ಣದು ಮಾಡಿ. "ನಾನು ಒಳ್ಳೆಯದಾಗಲಿ ಅಂತ ಇಟ್ಟದ್ದು."

ಪೈಗಳು ಸ್ಕೂಟರಿನಲ್ಲಿ ಹಾರಿ ಬಂದರು. ಯಂತ್ರದ ಬಾಯಿ ಬಿಚ್ಚಿ ಹತ್ತಿ, ಸ್ಪಿರಿಟು ಹಿಡಿದು ಒರೆಸುತ್ತಾ, "ಇಷ್ಟು ಕಂಪ್ಯೂಟರ್ ನೋಡಿದೆ, ಹಣೆಗೆ ಬೊಟ್ಟು ಇಟ್ಟದ್ದು ಇದೇ ಮೊದಲು" ಎಂದು ನಗುತ್ತಲೇ ಇದ್ದರು. ಹೊಸ ಡಾಸ್ ಫ್ಲಾಪಿ ಕೊಟ್ಟರು. ಬರೆಯುವ ಪ್ರೋಗ್ರಾಮಿನ ಮೂಲ ಫ್ಲಾಪಿ ಹಾಜಿಯವರ ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗೆ ಇದ್ದದ್ದರಿಂದ ಪೂಜೆಯಿಂದ ಬಚಾವಾಗಿತ್ತು. ಪೈಗಳು ಎರಡನ್ನೂ ಕೂಡಿಸಿಕೊಟ್ಟು ಇನ್ನೊಂದು ಕಡೆಗೆ ಓಡಿದರು.

ಯಂತ್ರ ಎದ್ದಿತು. ಪರದೆಯ ಮೇಲೆ ಎ ಅಕ್ಷರ, ಬಾಣ, ಮಿಣಮಿಣ. ಬಲೆ ಇಲ್ಲ, ಕುಲ್ಲುಲೆ ಇಲ್ಲ, ಪನ್ಲೆ ಇಲ್ಲ. ಲಿಲ್ಲಿ ಬಾಯಿ ಅಭ್ಯಾಸಬಲದಿಂದ ದಾದುಂಡು ಎಂದು ಹೊಡೆದರು. ಬ್ಯಾಡ್ ಕಮಾಂಡ್. ಅವರ ಎರಡೂ ಕೈ ಮಡಿಲಿಗೆ ಹೋದವು.

ಆಗ ಹೊತ್ತು ಮಧ್ಯಾಹ್ನಕ್ಕೆ ಬಂದಿತ್ತು. ಸಂಜೆ ಕಡಲು ಉಕ್ಕುವ ಭರತಕ್ಕೆ ಮಂಜಿ ಹೊರಡಬೇಕು. ಅದಕ್ಕೆ ಮೊದಲು ಸರಕಿನ ಕಾಗದಗಳೆಲ್ಲ ಬಂದರಿನ ಕಚೇರಿಗೆ ಮುಟ್ಟಬೇಕು. ರೈಗಳು ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಸುಮತಿ, ನಿನಗೆ ಆ ಶಬ್ದಗಳಿಲ್ಲದೆಯೂ ಬರ್ತದಲ್ಲ? ನೀನೊಬ್ಬಳೇ ಕೂತು ಮುಗಿಸು. ಬಾಯಿ, ನೀವು ಏಳಿ, ಹೊರಗೆ ಕಾಗದ ಜೋಡಿಸಿ ಕೊಡಿ."

ಬರುತ್ತಿತ್ತು. ಒಬ್ಬಳೇ ಕೂತರೆ ನಿಶ್ಚಿಂತೆಯಿಂದ ಮುಗಿಸುತ್ತಿದ್ದೆ. ಹಾಜಿಯವರು ಬಂದು ಹಿಂದೆ ನಿಂತರೆ ಕುರ್ಚಿಯಲ್ಲಿ ಒಬ್ಬಳನ್ನೇ ಕಾಣುತ್ತಿದ್ದರು. ಲಿಲ್ಲಿ ಬಾಯಿ ಆಗಲೇ ಕುರ್ಚಿ ಹಿಂದೆ ಸರಿಸಿ ಎದ್ದಿದ್ದರು.

ಮಕ್ಕಳೇ, ನಾನು ಅವತ್ತು ತಲೆ ಎತ್ತಿ ರೈಗಳ ಮುಖ ನೋಡಿದೆ. ಅವರ ಕಣ್ಣುಗಳು ಬೆಕ್ಕಿನ ಕಣ್ಣಿನ ಹಾಗೆ ತಿಳಿಯಾಗಿವೆ ಎಂದು ನನಗೆ ಗೊತ್ತಾದದ್ದೇ ಆಗ.

"ಆಗುವುದಿಲ್ಲ ಸರ್," ಎಂದೆ. "ಮೊದಲು ಶಬ್ದಗಳನ್ನು ಪುನಃ ಹಾಕ್ತೇನೆ. ಆಮೇಲೆ ಇಬ್ಬರೂ ಸೇರಿ ಮಾಡ್ತೇವೆ."

"ಮಂಜಿ ತಪ್ಪಿದರೆ?"

"ತಪ್ಪುವುದಿಲ್ಲ."

ನನ್ನ ಸ್ವರ ನನಗೇ ಬೇರೆ ಯಾರದ್ದೋ ಎಂಬಂತೆ ಕೇಳಿತು. ಬಹುಶಃ ರೈಗಳಿಗೆ ನಾನು ಮಾತನಾಡಿದ ಆಶ್ಚರ್ಯವೇ ಸಿಟ್ಟಿಗಿಂತ ದೊಡ್ಡದಾಗಿತ್ತು. "ಮಾಡು ಮಾರಾಯ್ತಿ, ಬೇಗ ಮಾಡು" ಎಂದು ಹೊರಗೆ ಹೋದರು.

"ಕೂತುಕೊಳ್ಳಿ ಲಿಲ್ಲಿ ಬಾಯಿ," ಎಂದೆ, ಆ ಒಂದೇ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟು. "ಪರದೆಯಲ್ಲಿ ಯಾವುದು ಯಾವಾಗ ಬರ್ತಿತ್ತು ಅಂತ ನೀವು ಹೇಳಿ, ನಾನು ಹೊಡೆಯುತ್ತೇನೆ."

ಕಾಪಿ ಕಾನ್. ಸಾಲು. ಸಾಲು. ಫೈಲು ಮುಗಿಸುವ ಕೀಲಿ. "ಒಂದು ಫೈಲ್ ಆಯಿತು" ಎಂದಿತು ಯಂತ್ರ. ನನಗೆ ಒಳಗಿನ ಆಜ್ಞೆಗಳು ನೆನಪಿದ್ದವು. ಲಿಲ್ಲಿ ಬಾಯಿಗೆ ಪರದೆಯ ಒಂದೊಂದು ಗೆರೆಯೂ ಕಣ್ಣಿಗೆ ಕಟ್ಟಿತ್ತು. "ಬಲೆ ಆದ ಮೇಲೆ ಒಂದು ಖಾಲಿ ಸಾಲು ಇತ್ತು ಸುಮತಿ." ಹಾಕಿದೆ. "ತೂಲೆ ಒಂದು ಪುಟ ತೋರಿಸಿ ನಿಲ್ತಿತ್ತು, ಓಡ್ತಿರಲಿಲ್ಲ." ಹೌದು, ಮರೆತಿದ್ದೆ! ಪುನಃ ಮೊದಲಿನಿಂದ. "ಬೊಡ್ಚಿಯಲ್ಲಿ ಒಂದು ಕೂಗು ಇತ್ತು, ನಿಜನಾ ಕೇಳಿದ ಮೇಲೆ." ಕೂಗನ್ನೂ ಹಾಕಿದೆ. ಯಂತ್ರ ಕೂಗಿದಾಗ ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು. ನನ್ನ ಬೆರಳುಗಳು ಹಾರುತ್ತಿದ್ದವು. ಒಂದು ಸ್ಟೆನ್ಸಿಲ್ ತಪ್ಪಿಲ್ಲದೆ ಮುಗಿಯುವಾಗ ಆಗುವ ಸಂತೋಷ ಇದೆಯಲ್ಲ, ಅದು ಸಾಲು ಸಾಲಿಗೂ ಆಗುತ್ತಿತ್ತು. ಕೊನೆಗೆ ಯಂತ್ರವನ್ನು ಆರಿಸಿ ಪುನಃ ಹಾಕಿದೆವು. ಗೊರಗೊರ. ಬಲೆ, ಕುಲ್ಲುಲೆ. ಪನ್ಲೆ.

ಅಕ್ಕಿ, ಹೆಂಚು ನನ್ನ ಪಾಲು. ತರಕಾರಿ, ಸಿಮೆಂಟು ಲಿಲ್ಲಿ ಬಾಯಿಯ ಪಾಲು. ನಾನು ಮುಗಿಸಿ ಎದ್ದು ಅವರನ್ನು ಕೂರಿಸಿದಾಗ ಅವರ ವೇಗ ಬಂದೇಬಿಟ್ಟಿತು, ಆ ಹಳೆಯ ಟೈಪ್‌ರೈಟರಿನ ವೇಗ. ಅವರ ಕೆಲಸ ಅರ್ಧ ಆಗಿರುವಾಗ ಬಾಗಿಲು ತೆರೆಯಿತು. ಹಾಜಿಯವರು ಚಪ್ಪಲಿ ಕಳಚಿ ಒಳಗೆ ಬಂದು ಸದ್ದಿಲ್ಲದೆ ಕುರ್ಚಿಯ ಹಿಂದೆ ನಿಂತರು. ಬಾಗಿಲಲ್ಲಿ ರೈಗಳು, ಅವರ ಹಿಂದೆ ಕೂಸಪ್ಪಣ್ಣ.

ಲಿಲ್ಲಿ ಬಾಯಿ ಬರೆದದ್ದನ್ನು ಮುಗಿಸಿ ಬರೆಯುವ ಪ್ರೋಗ್ರಾಮಿನಿಂದ ಹೊರಗೆ ಬಂದರು. ಈಗ ಅದನ್ನು ಪರದೆಯಲ್ಲಿ ಒಮ್ಮೆ ನೋಡಬೇಕು. ಹಿಂದೆ ಯಾರು ನಿಂತಿದ್ದಾರೆಂದು ಅವರಿಗೆ ಅತ್ತರಿನ ಪರಿಮಳದಿಂದಲೇ ತಿಳಿದಿತ್ತು. ತೂಲೆ ಹೊಡೆಯಲು ಹೋದ ಬೆರಳು ಪಕ್ಕದ ಅಕ್ಷರಕ್ಕೆ ಜಾರಿತು.

ಬ್ಯಾಡ್ ಕಮಾಂಡ್.

ಅವರ ಕೈ ಮಡಿಲಿಗೆ ಹೋಗುತ್ತದೆ ಎಂದೇ ನಾನು ಎಣಿಸಿದೆ.

ಕೈ ಅಲ್ಲಿಯೇ ಇತ್ತು. ಲಿಲ್ಲಿ ಬಾಯಿ ತಿರುಗದೆಯೇ ಹೇಳಿದರು: "ಅದಕ್ಕೆ ನಾನು ಹೇಳಿದ್ದು ಕೇಳಿಸಲಿಲ್ಲ ಹಾಜಿಯವರೇ. ಇನ್ನೊಮ್ಮೆ ಹೇಳ್ತೇನೆ."

ಹೊಡೆದರು. ಪರದೆ ತುಂಬ ತರಕಾರಿ, ಸಿಮೆಂಟು.

ಹಾಜಿಯವರು ದೊಡ್ಡದಾಗಿ ನಕ್ಕರು. "ನಮ್ಮ ಮನೆಯಲ್ಲೂ ಹಾಗೆಯೇ. ಅಳಿಯನಿಗೆ ಎರಡು ಸರ್ತಿ ಹೇಳದೆ ಒಂದೂ ಕೇಳಿಸುವುದಿಲ್ಲ." ಪ್ರಿಂಟರ್ ಕರ್ರ್ ಕರ್ರ್ ಎಂದು ಕಾಗದ ಉಗುಳತೊಡಗಿತು. ಕೂಸಪ್ಪಣ್ಣ ಅದನ್ನು ಹಿಡಿದುಕೊಂಡು ಬಂದರಿನ ಕಚೇರಿಗೆ ಓಡಿದರು. ಹಾಜಿಯವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ರೈಗಳಿಗೆ ಒಂದೇ ಮಾತು ಹೇಳಿದರು: "ರೈಗಳೇ, ಕುರ್ಚಿ ಒಂದೇ ಉಂಟಲ್ಲ ಒಳಗೆ? ಇನ್ನೊಂದು ಹಾಕಿಸಿ."

ಸಂಜೆ ಮಂಜಿ ಹೊರಟ ಮೇಲೆ ಬಸ್ಸಿಗಾಗಿ ಲಿಲ್ಲಿ ಬಾಯಿಯೂ ನಾನೂ ಹಂಪನಕಟ್ಟೆಗೆ ಹತ್ತಿ ಬಂದೆವು. ಅವರ ಬಸ್ಸು ಬಂದಾಗ ನನ್ನ ಕೆನ್ನೆ ಚಿವುಟಿ ಹತ್ತಿ ಹೋದರು. ಅಷ್ಟು ಜನರ ಎದುರಿಗೆ!

ಒಂದೆರಡು ವರ್ಷ ಕಳೆದು ಇನ್ನೊಂದು ಕಂಪ್ಯೂಟರ್ ಬಂತು. ಅದರ ಹೊಟ್ಟೆಯೊಳಗೇ ಎಲ್ಲವನ್ನೂ ಇಡಲು ಜಾಗವಿತ್ತು, ಫ್ಲಾಪಿಯ ಹಂಗಿಲ್ಲ. ಪೈಗಳು ಪೆಟ್ಟಿಗೆ ಬಿಚ್ಚಿ, ತಂತಿ ಜೋಡಿಸಿ, "ಈಗ ಇದನ್ನು ನಿಮಗೆ ಬೇಕಾದ ಹಾಗೆ ಮಾಡಿಕೊಡ್ತೇನೆ" ಎಂದು ಕುರ್ಚಿ ಎಳೆದರು.

"ನೀವು ಬದಿಗೆ ಕೂತು ಚಾ ಕುಡೀರಿ ಪೈಗಳೇ," ಎಂದು ಲಿಲ್ಲಿ ಬಾಯಿ ಆ ಕುರ್ಚಿಯನ್ನು ತಾವೇ ಎಳೆದುಕೊಂಡರು. ಕಾಪಿ ಕಾನ್ ಎಂದು ಹೊಡೆದರು. ಯಾವುದನ್ನೂ ನೋಡದೆ, ಯಾರನ್ನೂ ಕೇಳದೆ, ಒಂದರ ಹಿಂದೆ ಒಂದು. ನಾನು ಹಿಂದೆ ನಿಂತಿದ್ದೆ. ಎಲ್ಲ ನಮ್ಮ ಹಳೆಯ ಶಬ್ದಗಳೇ. ಕೊನೆಗೆ ಒಂದು ನನಗೆ ಗೊತ್ತಿಲ್ಲದ್ದು ಬಂತು, ವೆತಾಂ ಎಂದು. ಅದು ಕೊಂಕಣಿ, ಹೋಗುತ್ತೇನೆ ಎಂದರ್ಥ. ಒಳಗೆ ಅವರು ಬರೆದ ಸಾಲುಗಳಲ್ಲಿ ಎರಡು ನನಗೆ ತಿಳಿದವು, ಎರಡು ತಿಳಿಯಲಿಲ್ಲ.

"ಇದು ಎಂತ ಮಾಡ್ತದೆ ಲಿಲ್ಲಿ ಬಾಯಿ?" ಎಂದು ಕೇಳಿದೆ.

"ಬಾ," ಎಂದರು, ಕುರ್ಚಿಯಲ್ಲಿ ಸ್ವಲ್ಪ ಸರಿದು ಜಾಗ ಮಾಡುತ್ತಾ. "ಕೂತುಕೋ, ಕಲಿಸಿಕೊಡ್ತೇನೆ."